ಜಯಕ್ಕನಿಗೆ ಉಬ್ಬಸವಿರಲಿಲ್ಲ

ನನ್ನ ಹಿರಿಯ ಓರಗಿತ್ತಿ ಜಯಕ್ಕ ಕೂತೇ ನಿದ್ದೆ ಮಾಡುತ್ತಿದ್ದಳು. ಎಪ್ಪತ್ತೈದನೇ ಇಸವಿಯ ಸುಮಾರಿಗೆ ನಾನು ಮದುವೆಯಾಗಿ ದಂಡಿನಶಿವರದ ಆ ಮನೆಗೆ ಬಂದಾಗ, ಕೊಬ್ಬರಿ ಮೂಟೆಗೆ ಒರಗಿ ಬಾಯಿ ತೆರೆದು ನಿದ್ರಿಸುತ್ತಿದ್ದವಳನ್ನು ಕಂಡು ಅತ್ತೆಯನ್ನು ಕೇಳಿದೆ. "ಕಳ್ರು ಬತ್ತಾರೆ ಅಂತ ಕಾಯ್ತಾವ್ಳೆ ಬುಡು," ಎಂದು ನಕ್ಕರು. ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹಗಲೆಲ್ಲ ಎರಡಾಳಿನ ಕೆಲಸ ಮಾಡುವವಳು. ನಡುವೆ ಬಾಗಿಲು ಹಿಡಿದು ನಿಂತು, "ತಡಿ ಕಣೇ, ಉಸ್ರು ಹಿಂದೆ ಬಿದ್ದೈತೆ, ಬರ್ಲಿ," ಎನ್ನುತ್ತಿದ್ದಳು.

ಕಾರಣ ಹೇಳುವವರಿಗೇನೂ ಬರವಿರಲಿಲ್ಲ. ಕೊಬ್ಬರಿಯಾಗಲೆಂದು ಕಾಯಿ ಒಣಹಾಕಿದ್ದ ಅಟ್ಟದ ಧೂಳು ಎಂದರು ಮಾವ. ರಾತ್ರಿ ಮಜ್ಜಿಗೆ ಕುಡಿಯುತ್ತಾಳೆ ಎಂದರು ಪಕ್ಕದ ಮನೆಯವರು. ಗಾಳಿ ಸೋಕಿದೆಯೆಂದು ಅತ್ತೆ ತಾಯಿತ ಕಟ್ಟಿಸಿದರು. ಅವಳ ಗಂಡ, ನಮ್ಮ ಭಾವ, ಡಾಕ್ಟರ ಬಳಿ ಕರೆದೊಯ್ದಾಗಲೂ ಇವಳು ಬಾಯಿ ತೆರೆಯುವ ಮೊದಲೇ "ಉಬ್ಬಸ ಸಾರ್" ಎಂದು ತಾವೇ ಹೇಳಿ ಮಾತ್ರೆ ತಂದರು. ಅವಳು ಹೇಳುತ್ತಿದ್ದುದು ಒಂದೇ: "ಮಲಗಿದ್ರೆ ಯಾರೋ ಎದೆ ಮ್ಯಾಲೆ ಕೂತಂಗಾಗಿ ಎಚ್ಚರಾಗ್ತೈತೆ. ಎದ್ದು ಕೂತ್ರೆ ಇಳೀತೈತೆ." ಕೊಬ್ಬರಿಯಾಗಿದೆಯೇ ಎಂದು ಒಂದೊಂದು ಕಾಯನ್ನೂ ಅಲ್ಲಾಡಿಸಿ ಕಿವಿಗೊಟ್ಟು ಕೇಳುವ ಜನ, ಈ ಹೆಂಗಸಿನ ಮಾತು ಕೇಳಲಿಲ್ಲ.

ಕೊನೆಗೆ ತವರಿನ ನೆಪ ಹೇಳಿ ನಾನೇ ಅವಳನ್ನು ತಿಪಟೂರಿನ ಲೇಡಿ ಡಾಕ್ಟರ ಬಳಿ ಕರೆದೊಯ್ದೆ. ಅವರು ಅವಳನ್ನೇ ಕೇಳಿದರು. ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯಿತು. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ ಎಂದರು. ಬಂದಿತ್ತು. ಇದು ಉಬ್ಬಸವಲ್ಲ, ಹೃದಯದ ಕವಾಟ ಕೆಟ್ಟಿದೆ, ಮಲಗಿದಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಬೇಗ ಬೆಂಗಳೂರಿಗೆ ಕರೆದೊಯ್ಯಿರಿ ಎಂದು ಚೀಟಿ ಬರೆದರು. ಜಯಕ್ಕನಿಗೆ ಭಯವಾಗಲಿಲ್ಲ, ಖುಷಿಯಾಯಿತು! "ನಾನು ಸುಳ್ಳು ಹೇಳ್ತಿರ್ಲಿಲ್ಲ ಅಂತ ಅದ್ರಲ್ಲೇ ಬರ್ದ್‌ಬುಡಿ ಅಮ್ಮಾರೆ," ಎಂದಳು.

ಭಾವ ಚೀಟಿ ನೋಡಿ, "ಅಟ್ಟದ ಕಾಯಿ ಇಳ್ಸಿ ಕೊಬ್ರಿ ಒಡ್ದುಬುಡಾನ, ಆಮ್ಯಾಕೆ ಹೋಗಾನ," ಎಂದರು. ಅದಕ್ಕಿನ್ನೂ ಮೂರು ತಿಂಗಳಿತ್ತು. ಜಯಕ್ಕನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಎರಡನೇ ತಿಂಗಳಲ್ಲೇ ಹೋಗಿಬಿಟ್ಟಳು.

ತಿಥಿಯ ಊಟದಲ್ಲಿ ಭಾವ ನೆಂಟರ ಮುಂದೆ ಕಣ್ಣೊರೆಸಿಕೊಳ್ಳುತ್ತಾ, "ಬೆಂಗ್ಳೂರಿಗೆ ಹೋಗಾನ ಬಾ ಅಂತ ಬಡ್ಕೊಂಡೆ ಕಣಪ್ಪ, ಅವ್ಳೇ ಒಪ್ಪಲಿಲ್ಲ," ಎಂದರು. ಬಡಿಸುತ್ತಿದ್ದ ನಾನು ಸೌಟು ಕೆಳಗಿಟ್ಟೆ. ಕೋಣೆಯ ಮೊಳೆಗೆ ನೇತುಹಾಕಿದ್ದ ಅವಳ ಬಟ್ಟೆಚೀಲ ತಂದು ಭಾವನ ಎಲೆಯ ಪಕ್ಕದಲ್ಲೇ ಸುರಿದೆ. ಎರಡು ಸೀರೆ, ಬಾಚಣಿಗೆ, ನೀರು ಕುಡಿಯುವ ಲೋಟ. ತಿಪಟೂರಿನಿಂದ ಬಂದ ಸಂಜೆಯೇ ಜೋಡಿಸಿಟ್ಟುಕೊಂಡಿದ್ದಳು.

"ಒಪ್ಪದೋಳು ಇದನ್ನ ಯಾಕೆ ಕಟ್ಟಿದ್ಲು, ಹೇಳಿ ಭಾವ," ಎಂದೆ.