ದೇವರಾಯಸಮುದ್ರದ ಹತ್ತಿರ ಬರುವ ಕಾರ್ಡ್

ಕಳೆದ ಶನಿವಾರ ಆಧಾರ್ ತಿದ್ದುಪಡಿಗೆಂದು ಮುಳಬಾಗಿಲಿನ ಕೇಂದ್ರವೊಂದಕ್ಕೆ ಹೋಗಿದ್ದೆ. ಯಂತ್ರ ನನ್ನ ಎಡಗೈಯ ಉಂಗುರಬೆರಳನ್ನು ಒಪ್ಪಲೇ ಇಲ್ಲ. ಅಲ್ಲಿ ಕೂತಿದ್ದ ಹೆಂಗಸು ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ ನೋಡಿ, "ಚರ್ಮ ದಪ್ಪಗಾಗೈತೆ ಮೇಡಂ. ಏನ್ ಕೆಲ್ಸ ಮಾಡ್ತೀರ?" ಎಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಸೀಮೆಸುಣ್ಣ ಹಿಡಿಯುವುದು ಬಲಗೈಯಲ್ಲವೇ.

ನಿಮಗಾದರೆ ನಿಜ ಹೇಳಬಹುದು. ಆ ಬೆರಳು ಜಡ್ಡುಗಟ್ಟಿದ್ದು ಯುಕುಲೇಲೆಯಿಂದ. ಗಿಟಾರಿನ ಮರಿಯಂತಿರುವ, ನಾಲ್ಕೇ ತಂತಿಯ ವಾದ್ಯ. ಅದೂ ನನ್ನದಲ್ಲ, ವನಜಳದು.

ವನಜ ಬಸ್ ಕಂಡಕ್ಟರ್. ರಾಜಮ್ಮ ಆಂಟಿಯ ಮನೆಯ ಮಹಡಿಯಲ್ಲಿ ನಾವಿಬ್ಬರೂ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ಕೋಲಾರ-ಮುಳಬಾಗಿಲು ರೂಟಿನಲ್ಲಿ ದಿನವಿಡೀ ಊರುಗಳ ಹೆಸರು ಕೂಗಿ ಬಂದವಳು ಸಂಜೆ ಬೂಟು ಬಿಚ್ಚುತ್ತಲೇ ಹಾಡಲು ಶುರುಮಾಡುತ್ತಿದ್ದಳು. ನನಗೋ ಹಾಡುವುದೆಂದರೆ ನಾಚಿಕೆ. ಶಾಲೆಯ ಪ್ರಾರ್ಥನೆಯಲ್ಲೂ ತುಟಿ ಮಾತ್ರ ಆಡಿಸುವವಳು. ಹಾಗಾಗಿ ಅವಳು ಆಸೆಪಟ್ಟು ಕೊಂಡ ವಾದ್ಯ ನನ್ನ ಮಡಿಲಿಗೆ ಬಿತ್ತು.

"ನೀನು ಬಾರ್ಸು, ನಾನು ಹಾಡ್ತೀನಿ. ಲೆಕ್ಕದ ಮೇಡಂಗೆ ಬೆರಳು ಎಣ್ಸೋಕೆ ಬರಲ್ವಾ?"

ಅವಳೇ ಒಂದು ಹಾಡು ಕಟ್ಟಿದ್ದಳು. ಅವಳ ದಾರಿಯ ಸ್ಟಾಪುಗಳು, ಅಲ್ಲಿ ಹತ್ತುವವರು, ಸೀಟಿಗೆ ಜಗಳವಾಡುವವರು, ಇಳಿಯುವುದನ್ನು ಮರೆತು ನಿದ್ದೆಹೋದವರು, ಎಲ್ಲ ಅದರಲ್ಲಿದ್ದರು. ದೇವರಾಯಸಮುದ್ರ ಬರುವ ಹೊತ್ತಿಗೆ ಸರಿಯಾಗಿ ಇ ಕಾರ್ಡ್, ಅಂದರೆ ನಾಲ್ಕೂ ತಂತಿಗಳನ್ನು ಒಟ್ಟಿಗೆ ಮೀಟುವ ಒಂದು ಸ್ವರಗುಚ್ಛ, ಬರುತ್ತಿತ್ತು. ವಾದ್ಯದ ಕೊರಳಿನ ಮೇಲೆ ಅಡ್ಡಪಟ್ಟಿಗಳಿರುತ್ತವೆ. ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ನಾನು ಮನೆ ಅನ್ನುತ್ತೇನೆ. ಇ ಕಾರ್ಡಿಗೆ ಮೂರು ತಂತಿಗಳನ್ನು ನಾಲ್ಕನೆಯ ಮನೆಯಲ್ಲಿ ಒತ್ತಬೇಕು, ಉಳಿದೊಂದನ್ನು ಎರಡನೆಯ ಮನೆಯಲ್ಲಿ. ಆ ನಾಲ್ಕನೆಯ ಮನೆಯೋ ತೀರಾ ಇಕ್ಕಟ್ಟು. ಇಬ್ಬರ ಸೀಟಿನಲ್ಲಿ ಮೂವರು ಕೂತಂತೆ, ಒಂದು ಬೆರಳು ಕೂತರೆ ಇನ್ನೊಂದು ಜಾರುತ್ತಿತ್ತು. ತಂತಿ ಟಕ್ ಎಂದು ಸತ್ತುಹೋಗುತ್ತಿತ್ತು. ಆಗೆಲ್ಲ ವನಜ ಫುಟ್‌ಬೋರ್ಡಿನ ಮೇಲೆ ನಿಂತವಳಂತೆ ಊರಿನ ಹೆಸರನ್ನು ದೊಡ್ಡದಾಗಿ ಎಳೆದು ನನ್ನ ತಪ್ಪನ್ನು ಮುಚ್ಚಿಬಿಡುತ್ತಿದ್ದಳು.

"ಬಿಡೇ, ನಾನಿಲ್ವಾ" ಅನ್ನುತ್ತಿದ್ದಳು. ಅವಳಿದ್ದಳಲ್ಲ, ನಾನೂ ಕಲಿಯಲಿಲ್ಲ.

ಹೋದ ವರ್ಷ ಅವಳಿಗೆ ಮದುವೆಯಾಯಿತು, ಮಾಲೂರಿಗೆ ವರ್ಗವೂ ಸಿಕ್ಕಿತು. ಸಾಮಾನೆಲ್ಲ ಇಳಿಸಿಯಾದ ಮೇಲೆ ಯುಕುಲೇಲೆ ಹಿಡಿದು ಮೆಟ್ಟಿಲ ಮೇಲೆ ನಿಂತೆ. "ನಿನ್ ಹತ್ರನೇ ಇರ್ಲಿ ಕಣೇ, ಬಂದಾಗೆಲ್ಲ ಹಾಡೋಣ" ಎಂದಳು. ಮಾಲೂರೇನು ದೂರವೇ? ಹತ್ತಿರದ ಊರಿಗೆ ಹೋಗುವವರನ್ನು ಕಳಿಸುವಾಗ ಯಾರೂ ಅಳುವುದಿಲ್ಲ. ಬರುತ್ತಾರೆಂಬ ಧೈರ್ಯವಿರುತ್ತದೆ. ಅವಳು ಬಂದದ್ದು ಒಂದೇ ಸಲ, ಅದೂ ಗ್ಯಾಸಿನ ಪುಸ್ತಕ ಮರೆತಿದ್ದಳೆಂದು.

ಕೋಣೆಯಲ್ಲಿ ಸಂಜೆಗಳು ಉದ್ದವಾದವು. ಮೊಬೈಲಿನ ವಿಡಿಯೋ ಒಂದರಲ್ಲಿ ಯಾರೋ ಉಪಾಯ ತೋರಿಸಿದ್ದರು: ಮೂರು ಬೆರಳು ಬೇಡ, ಉಂಗುರಬೆರಳೊಂದನ್ನೇ ಮೂರು ತಂತಿಗಳ ಮೇಲೆ ಮಲಗಿಸಿ, ನಾಲ್ಕನೆಯದಕ್ಕೆ ತಾಗದಂತೆ ಗೆಣ್ಣನ್ನು ಹಿಂದಕ್ಕೆ ಬಾಗಿಸಬೇಕು. ನನ್ನ ಬೆರಳು ಬಾಗಲು ಐದು ತಿಂಗಳು ಹಿಡಿಯಿತು. ಸಾರು ಕುದಿಯುವಾಗ, ಉತ್ತರ ಪತ್ರಿಕೆ ತಿದ್ದುವಾಗ, ಕೈ ಬಿಡುವಾದಾಗಲೆಲ್ಲ ಬಾಗಿಸಿದೆ. ಒಂದು ಸಂಜೆ ನಾಲ್ಕೂ ತಂತಿಗಳು ಒಟ್ಟಿಗೆ ನುಡಿದವು. ತಲೆಯೆತ್ತಿ ನೋಡಿದೆ. ಎದುರಿನ ಮಂಚ ಖಾಲಿಯಿತ್ತು.

ತಡೆಯಲಾರದೆ ಫೋನ್ ಮಾಡಿ, ಪಕ್ಕದಲ್ಲಿಟ್ಟು ಅವಳದೇ ಹಾಡನ್ನು ಪೂರ್ತಿ ನುಡಿಸಿದೆ.

"ಚೆನ್ನಾಗೈತೆ ಕಣೇ" ಎಂದಳು ವನಜ. "ಯಾವ್ ಹಾಡದು?"

"ಯಾವ್ದೂ ಇಲ್ಲ. ಸುಮ್ನೆ ಬಾರಿಸ್ದೆ."

ಅವಳ ತಪ್ಪಲ್ಲ. ಅವಳು ಹಾಡುತ್ತಿದ್ದವಳು, ಅಡಿಯಲ್ಲಿ ನಾನೇನು ಮೀಟುತ್ತಿದ್ದೆನೋ ಅವಳಿಗೆ ಹೇಗೆ ಗೊತ್ತಿರಬೇಕು? ಹೀಗೆ ಸಮಾಧಾನ ಹೇಳಿಕೊಂಡರೂ ಎರಡು ವಾರ ವಾದ್ಯ ಮುಟ್ಟಲಿಲ್ಲ.

ಶನಿವಾರ ಆಧಾರ್ ಕೇಂದ್ರದಿಂದ ಬಂದವಳು ಬಾಗಿಲು ಹಾಕಿಕೊಂಡು ಯುಕುಲೇಲೆಯನ್ನು ಅಟ್ಟದಿಂದ ಕೆಳಗಿಳಿಸಿದೆ. ಪದಗಳಿಲ್ಲದೆ ನುಡಿಸಲು ಈ ಸಲ ಮನಸ್ಸಾಗಲಿಲ್ಲ. ಮೊದಲ ಸ್ಟಾಪಿನಿಂದಲೇ ಹಾಡಿದೆ, ನಾನೇ. ದನಿ ಎರಡು ಕಡೆ ಒಡೆಯಿತು, ಬೆರಳು ಒಂದು ಕಡೆಯೂ ಜಾರಲಿಲ್ಲ.

ಹಾಡು ಮುಗಿಯುತ್ತಲೇ ಕೆಳಗಿನಿಂದ ರಾಜಮ್ಮ ಆಂಟಿ ತಮ್ಮ ತೆಲುಗಿನಲ್ಲಿ ಕೇಳಿದರು. "ಏಮ್ಮಾ ಟೀಚರಮ್ಮ, ವನಜ ವಚ್ಚಿಂದಾ?"

"ವನಜ ಬಂದಿಲ್ಲ ಆಂಟಿ. ನಾನೇ ಹಾಡಿದ್ದು."

"ಹಂಗಾ? ಹಂಗಾದ್ರೆ ಬಾಗ್ಲು ತೆಗ್ದಿಡಮ್ಮ, ಸರಿಯಾಗಿ ಕೇಳಿಸ್ತಿಲ್ಲ" ಎಂದರು.

ಎದ್ದು ಹೋಗಿ ಬಾಗಿಲು ತೆಗೆದೆ.