ಕಾಲೇಜು ಗೇಟಿನ ಮುಂದೆ ಹಾಸಿದ ಕಂಬಳಿ

ನಮ್ಮ ಮನೆಯಲ್ಲಿ ಫೀಸು ಅಂದರೆ ಕುರಿಯೇ. ನಾನು ಯಲ್ಲದಕೆರೆಯ ಕುರಿ ಸಾಕುವವರ ಮಗಳು, ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಫೀಸು ಕಟ್ಟುವ ಕಾಲ ಬಂತೆಂದರೆ ಅಪ್ಪ ಹಿರಿಯೂರು ಸಂತೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಅವ್ವ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಅವಳಿಗೆ ಕುರಿಗಳೆಲ್ಲ ಹೆಸರಿಟ್ಟು ಸಾಕಿದ ಮಕ್ಕಳು; ತಿಂದು ತೇಗುವವಳು ನಾನೊಬ್ಬಳೇ.

“ಇನ್ನೊಂದ್ಸಲ ಫೀಸು ಏರ್ಸಿದ್ರೆ ಓದು ಸಾಕು ಕಣವ್ವಾ, ಮನೆಗೆ ಬಂದ್ಬಿಡು” ಎಂದು ಅಪ್ಪ ಹಿಂದಿನ ವರ್ಷವೇ ಹೇಳಿಬಿಟ್ಟಿದ್ದ. ಅವನು ಸುಮ್ಮನೆ ಮಾತಾಡುವವನಲ್ಲ. ಆದ್ದರಿಂದ ವಿಶ್ವವಿದ್ಯಾಲಯ ಫೀಸು ಏರಿಸಿದೆಯೆಂಬ ಸುದ್ದಿ ಬಂದು, ಹುಡುಗರು ಮುಷ್ಕರ ಎಂದಾಗ, ಹುಡುಗಿಯರಲ್ಲಿ ಮೊದಲು ಎದ್ದವಳು ನಾನೇ. ಮಿಕ್ಕವರಲ್ಲಿ ಎಷ್ಟೋ ಜನಕ್ಕೆ ಅದು ಕ್ಲಾಸು ತಪ್ಪಿಸುವ ಹಬ್ಬ. ನನಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಕಾಲೇಜಿನ ಗೇಟಿನ ಮುಂದೆ, ಬೇವಿನ ಮರದ ಕೆಳಗೆ ಕೂತೆವು. ನಮ್ಮ ಮುಂದಾಳು ಹೊಸದುರ್ಗದ ಕಡೆಯ ಒಬ್ಬ ಸಣಕಲ. ಮೈಯೆಲ್ಲ ಸೋತು ಗಂಟಲೊಂದೇ ಬೆಳೆದಿತ್ತು ಅವನಿಗೆ. ಅವನು “ಫೀಸು ಏರಿಕೆಗೆ” ಎಂದರೆ ನಾವೆಲ್ಲ “ಧಿಕ್ಕಾರ” ಎನ್ನುವುದು. ಅದುವರೆಗೆ ನಾನು ಅಷ್ಟು ಜೋರಾಗಿ ಕೂಗಿದ್ದು ಕುರಿಗಳ ಮೇಲೆ ಮಾತ್ರ. ನಿಜ ಹೇಳುತ್ತೇನೆ, ಭಯದ ನಡುವೆಯೂ ಬಲು ಖುಷಿಯಾಗುತ್ತಿತ್ತು. ಗಂಟಲು ಸೋತಾಗ ಯಾರೋ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಿದ್ದರು, ತಿಂದು ಮತ್ತೆ ಕೂಗುತ್ತಿದ್ದೆವು.

ಹೀಗೆ ಕೂಗುತ್ತಿದ್ದ ಒಂದು ಬೆಳಿಗ್ಗೆ, ಹಿರಿಯೂರಿನ ಬಸ್ಸಿಳಿದು ಅಪ್ಪ ಬಂದ. ತಲೆಗೆ ರುಮಾಲು, ಕೈಯಲ್ಲಿ ಕೋಲು, ಹೆಗಲ ಮೇಲೆ ಕರಿಕಂಬಳಿ. ಊರಿನವರು ಯಾರೋ ಸುದ್ದಿ ಮುಟ್ಟಿಸಿದ್ದರು. ಮಣ್ಣಿನಲ್ಲಿ ಕೂತಿದ್ದ ನನ್ನನ್ನು ಒಂದು ಗಳಿಗೆ ನೋಡಿದ.

“ಫೀಸು ಏರ್ತಂತಲ್ಲ. ಏಳವ್ವಾ, ಟ್ರಂಕು ತಗ, ಊರಿಗೆ ಹೋಗಾಣ.”

“ಇದೊಂದು ತೀರ್ಮಾನ ಆಗ್ದೆ ನಾನು ಬರಲ್ಲ” ಅಂದೆ. ಅಷ್ಟು ಜನರ ಎದುರಿಗೆ ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು.

ಅವನು ಸಿಟ್ಟಾಗಲಿಲ್ಲ. “ಯಾರ್ ಜತೆ ತೀರ್ಮಾನ?” ಎಂದು ಕೇಳಿದ.

“ಪ್ರಿನ್ಸಿಪಾಲರ ಜತೆ.”

“ಎಲ್ಲವ್ರೆ ಅವ್ರು?”

“ಒಳಗೆ.”

“ಅವ್ರು ಒಳಗೆ, ನೀವು ಹೊರಗೆ, ನಡುವೆ ಗೇಟು. ಹಿಂಗಾದ್ರೆ ತೀರ್ಮಾನ ಹೆಂಗಾಗ್ತೈತೆ?” ಎಂದವನೇ ಹೆಗಲ ಕಂಬಳಿ ತೆಗೆದು, ಕೊಡವಿ, ಗೇಟಿನ ಬಾಯಿಗೇ ಹಾಸಿಬಿಟ್ಟ.

ನಮ್ಮಲ್ಲಿ ಜಗಳ ಬಗೆಹರಿಸುವುದು ಕಂಬಳಿಯ ಮೇಲೆ. ಚಪ್ಪಲಿ ಬಿಟ್ಟು ಕೂರಬೇಕು, ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಅದರ ಮೇಲೆ ಆದ ಮಾತು ಕೂತವರನ್ನೆಲ್ಲ ಕಟ್ಟುತ್ತದೆ, ತಪ್ಪಿದರೆ ದೈವಕ್ಕೆ ತಪ್ಪಿದ ಹಾಗೆ. ಅಪ್ಪ ಮುಷ್ಕರವನ್ನು ಪಂಚಾಯಿತಿ ಎಂದುಕೊಂಡಿದ್ದ. ಈ ಪಟ್ಟಣದ ಹುಡುಗರಿಗೆ ಕಂಬಳಿ ಹಾಸುವಷ್ಟೂ ಬುದ್ಧಿಯಿಲ್ಲವಲ್ಲ ಎಂಬಂತೆ ಎಲ್ಲರನ್ನೂ ನೋಡಿದ. ಹುಡುಗರು ಕಿಸಿಕಿಸಿ ನಕ್ಕರು. ನಮ್ಮ ಮುಂದಾಳು ಚಪ್ಪಲಿ ಕಾಲಲ್ಲೇ ಹತ್ತಹೋದ.

“ಲೇ, ಮೆಟ್ಟು ಬಿಡಲೇ!” ಎಂದು ಅಪ್ಪ ಗದರಿದ್ದಕ್ಕೆ ಆ ದೊಡ್ಡ ಗಂಟಲು ಅಲ್ಲೇ ಅಡಗಿತು. ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗದ್ದಲ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು. ಅವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯ ಹಳ್ಳಿಯವರೆಂದು ಕೇಳಿದ್ದೆವು, ಆದರೆ ಸೂಟಿನ ಹೊರತು ಅವರನ್ನು ಕಂಡವರಿರಲಿಲ್ಲ. ಕಂಬಳಿಯ ಅಂಚಿಗೆ ಬಂದು ನಿಂತರು. ಅಪ್ಪ “ಬರ್ರಿ ಸಾಹೇಬ್ರೆ, ಕುಂತ್ಕಳ್ರಿ” ಅಂದ. ಅವರು ಬಗ್ಗಿ ಬೂಟು ಬಿಚ್ಚಿದರು, ಕಾಲುಚೀಲವನ್ನೂ ತೆಗೆದರು, ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಧಿಕ್ಕಾರ ಕೂಗಬೇಕಾದವರ ಬಾಯಲ್ಲಿ ಮಂಡಕ್ಕಿ ಹಾಗೇ ಉಳಿಯಿತು.

ಅಪ್ಪ ನನ್ನನ್ನೂ ಕರೆದು ಪಕ್ಕಕ್ಕೆ ಕೂರಿಸಿಕೊಂಡು ಅವರೆದುರು ಕೂತ. ಮುಂದಾಳೂ ಚಪ್ಪಲಿ ಬಿಟ್ಟು ಕೂತು, ಮೆತ್ತಗೆ ನಮ್ಮ ಕಷ್ಟ ಹೇಳಿದ. ಪ್ರಿನ್ಸಿಪಾಲರು ಪೂರ್ತಿ ಕೇಳಿಸಿಕೊಂಡು, “ಏರ್ಸಿದ್ದು ನಾನಲ್ಲಪ್ಪ. ಇಳ್ಸೋಕೂ ನನ್ನ ಕೈಲಾಗಲ್ಲ” ಅಂದರು.

“ನಿಮ್ಮ ಕೈಲಿ ಏನೈತೆ ಅದನ್ನ ಹೇಳ್ರಿ” ಅಂದ ಅಪ್ಪ.

ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ನಿಮ್ಮ ಮಾತು ಮೇಲಿನವರಿಗೆ ಮುಟ್ಟಿಸ್ತೀನಿ. ಈ ವರ್ಷ ಹಳೇ ಫೀಸು ಕಟ್ಟಿದ ಯಾರನ್ನೂ ಪರೀಕ್ಷೆಯಿಂದ ಹೊರಗಿಡಲ್ಲ. ಫೀಸಿನ ಸಲುವಾಗಿ ಒಂದು ಮಗೂನೂ ಓದು ಬಿಡಬಾರ್ದು.” ಮುಂದಾಳು ನಮ್ಮ ಕಡೆ ನೋಡಿದ, ನಾವು ತಲೆಯಾಡಿಸಿದೆವು. ನಾಳೆಯಿಂದ ಕ್ಲಾಸಿಗೆ ಬರುವುದೆಂದು ಅವನೂ ಮಾತು ಕೊಟ್ಟ.

ಅಪ್ಪ ಸಮಾಧಾನದಿಂದ ಕಂಬಳಿ ಮಡಚಲು ಕೈಹಾಕಿದ.

“ತಾಳ್ರಿ ಯಜಮಾನ್ರೆ” ಅಂದರು ಪ್ರಿನ್ಸಿಪಾಲರು. “ಆಗ್ಲೇ ಟ್ರಂಕಿನ ಮಾತು ಕಿಟಕಿಯಿಂದ ಕೇಳ್ತು. ಒಂದು ಮಗೂನೂ ಓದು ಬಿಡಬಾರ್ದು ಅಂತ ಮಾತಾದಾಗ ನೀವೂ ಈ ಕಂಬಳಿ ಮೇಲೇ ಕುಂತಿದ್ರಲ್ಲ?”

ಅಪ್ಪ ಕಂಬಳಿ ನೋಡಿದ, ಅದರ ಮೇಲಿದ್ದ ತನ್ನ ಕಾಲು ನೋಡಿಕೊಂಡ, ಆಮೇಲೆ ನನ್ನ ಕಡೆ ನೋಡಿದ.

“ಕುಂತ್ಬಿಟ್ಟಿದೀನಲ್ಲ” ಅಂದ ಕೊನೆಗೆ. “ಓದ್ಲಿ ಬಿಡ್ರಿ.”

ಹುಡುಗರು ಕೇಕೆ ಹಾಕಿದರು. ಅಪ್ಪ ಮಂಡಕ್ಕಿ ತಿಂದು, ಟ್ರಂಕು ಇಲ್ಲದೆ, ಮಗಳೂ ಇಲ್ಲದೆ ಬಸ್ಸು ಹತ್ತಿದ.

ಪ್ರಿನ್ಸಿಪಾಲರು ಮಾತು ಉಳಿಸಿಕೊಂಡರು. ಆದರೆ ಮರುವರ್ಷ ಫೀಸು ಏರಿಯೇ ಏರಿತು. ನಾನು ರಜೆಗೆ ಊರಲ್ಲಿದ್ದೆ. ಅಪ್ಪ ತುಟಿಪಿಟಕ್ಕೆನ್ನದೆ ಸಂತೆಗೆಂದು ಹಿಂಡಿನಿಂದ ಕುರಿ ಬಿಡಿಸಿದ. ಅವ್ವ ಬಾಗಿಲಿಗೆ ಅಡ್ಡ ನಿಂತು, “ಮಗಳನ್ನ ಕರ್ಕಂಡ್ ಬತ್ತೀನಿ ಅಂತ ಹೋದೋನು, ಅಲ್ಲಿ ಕಂಬಳಿ ಯಾಕೆ ಹಾಸ್ದೆ? ಈಗ ನೋಡು, ಬಾಯಿ ಕಟ್ಟಿಸ್ಕಂಡು ಬಂದೀಯ” ಎಂದು ರೇಗಿದಳು.

ಪಂಚಾಯಿತಿಯ ಮಾತು ಎತ್ತುತ್ತಾನೆ ಎಂದುಕೊಂಡೆ. ಅಪ್ಪ ಕುರಿಯ ಹಗ್ಗ ಬಿಗಿ ಮಾಡುತ್ತಾ, ಅವ್ವನ ಮುಖ ನೋಡದೆ ಹೇಳಿದ:

“ಅವ್ಳು ಬರೀ ನೆಲದ ಮೇಲೆ ಕುಂತಿದ್ಲು ಕಣೇ.”