ಸೆರೆಮನೆಯಲ್ಲಿ ನಾನು ಕೇಳದ ದನಿ

ನಾನು ಸುಳ್ಳು ಹೇಳಿದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಸೆರೆಮನೆಯಲ್ಲಿ ಶೋಭಾ ಹಾಡುವಾಗ ಅವಳ ಜೊತೆ ಇನ್ನೊಂದು ದನಿ ಸೇರಿತ್ತು ಎಂದು ನಮ್ಮ ಅತ್ತೆಗೆ ಹೇಳಿದವಳು ನಾನು. ಅಂಥ ದನಿ ಯಾವುದೂ ನನಗೆ ಕೇಳಿಸಿರಲಿಲ್ಲ. ಹದಿನೇಳು ವರ್ಷ ಇದನ್ನು ಬಾಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ನಕ್ಕಿದ್ದೇನೆ, ದೀಪ ಹಚ್ಚಿದ್ದೇನೆ.

ಶೋಭಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಭೀಮನಬೀಡಿನವಳು. ಅವಳು ಚಾಮರಾಜನಗರದ ನಮ್ಮ ಮನೆ ತುಂಬುವ ಹೊತ್ತಿಗೆ ನಾನು ಸೊಸೆಯಾಗಿ ಒಂಬತ್ತು ವರ್ಷ. ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಮೊದಲ ಸಾಲಿನಲ್ಲಿ ನಿಂತು ಹಾಡಿದವಳು ನಾನು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಸಿಸ್ಟರ್ ನನ್ನ ಗದ್ದ ಹಿಡಿದೆತ್ತಿ ಕಲಿಸಿದ್ದರು. ಆ ಒಂಬತ್ತು ವರ್ಷದಲ್ಲಿ ಒಬ್ಬರೂ — ಒಬ್ಬರೂ — ಒಂದು ಹಾಡು ಹೇಳಮ್ಮ ಎಂದಿರಲಿಲ್ಲ. ಶೋಭಾ ಬಂದ ತಿಂಗಳಿಗೇ ಬೀದಿಯ ಮದುವೆಗಳಿಗೆಲ್ಲ ಅವಳಿಗೆ ಕರೆ. ಹೆಣ್ಣಿಗೆ ಅರಿಶಿನ ಹಚ್ಚುವಾಗ ಸೋಬಾನೆ ಪದ ಎತ್ತಿಕೊಡಲು ಅವಳೇ ಬೇಕು. "ನಮ್ ಚಿಕ್ಕ್ ಸೊಸೆ ಪದ ಏಳುದ್ರೆ ಗೋಡೇನೂ ತಲೆ ಆಡುಸ್ತದೆ ಕಣ್ರಮ್ಮಿ," ಎಂದು ಅತ್ತೆ ಹೂ ಕಟ್ಟುತ್ತ ಹೇಳುವಾಗ, ಅವರಿಗೆ ಮೊಗ್ಗು ಜೋಡಿಸಿ ಕೊಡುತ್ತಿದ್ದ ಕೈ ನನ್ನದು.

ಆ ದಿನ ನಿಮಿಷಾಂಬೆಯ ದರ್ಶನ ಮುಗಿಸಿ ಸೆರೆಮನೆ ನೋಡಲು ಹೋದೆವು. ನೆಲಮಟ್ಟಕ್ಕಿಂತ ಕೆಳಗೆ ಸುಣ್ಣ ಬಳಿದ ತಗ್ಗು ಕಮಾನುಗಳು. ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ಸರಪಳಿ ತೂರಿಸುವ ತೂತುಗಳು, ಅಂಚು ಸವೆದು ನುಣುಪಾಗಿದ್ದವು. ಸೆರೆಸಿಕ್ಕ ಸಿಪಾಯಿಗಳನ್ನು ಕೈ ಚಾಚಿಸಿ ಅಲ್ಲಿ ಬಿಗಿಯುತ್ತಿದ್ದರಂತೆ. ಈಗಲೂ ಒಮ್ಮೊಮ್ಮೆ ನರಳಾಟ ಕೇಳುತ್ತದೆ ಎಂದು ಹೊರಗೆ ಸೌತೆಕಾಯಿ ಮಾರುವವಳು ಹೇಳಿದಳು. ಅತ್ತೆ ಮೆಟ್ಟಿಲಿಳಿಯಲಿಲ್ಲ. "ಉಸುರು ಕಟ್ಟಿ ಸತ್ತೋರ್ ಜಾಗ. ಬಿರ್‍ರನೆ ನೋಡ್ಕಂಡ್ ಬನ್ನಿ," ಎಂದರು.

ಏಳು ವರ್ಷದ ನನ್ನ ಮಗಳು ಕೂಗಿ ನೋಡಿದಳು; ಕಮಾನುಗಳು ಕೂಗನ್ನು ಹಿಂತಿರುಗಿಸಿದವು. ಅಮ್ಮ ಹಾಡು ಎಂದಳು. ಒಂದು ಸಾಲು ಹಾಡಿದೆ. ಯಾರೂ ತಿರುಗಲಿಲ್ಲ. ಈಗ ಚಿಕ್ಕಮ್ಮ, ಎಂದಳು.

ಶೋಭಾ ಸೆರಗು ಹೊದ್ದು, ಕಲ್ಲಿಗೆ ಒರಗಿ, ಸೋಬಾನೆ ಎತ್ತಿದಳು. ಹೊರಟಿದ್ದವರು ನಿಂತರು. ಫೋಟೊ ತೆಗೆಯುತ್ತಿದ್ದವನ ಕೈ ಕೆಳಗಿಳಿಯಿತು. ಮಗಳು ನನ್ನ ಕೈ ಬಿಡಿಸಿಕೊಂಡು ಅವಳ ಪಕ್ಕ ಹೋಗಿ ನಿಂತಳು. ಆ ಕೈ — ಅದು ನನ್ನ ಬೆರಳುಗಳಿಂದ ಜಾರಿದ್ದು —

ಹೊರಗೆ ಮರದ ಕೆಳಗೆ ಪುಳಿಯೋಗರೆ ಡಬ್ಬಿ ಬಿಚ್ಚುತ್ತ ಅತ್ತೆ ಕೇಳಿದರು, "ಯಾಕವ್ವ, ಮಕ ಇಂಗ್ ಮಾಡ್ಕಂಡಿದ್ದೀಯೆ?"

"ಶೋಭಾ ಹಾಡೋವಾಗ ಇನ್ನೊಂದು ದನಿ ಸೇರ್ಕೊಂಡಿತ್ತು ಅತ್ತೆ," ಎಂದೆ. ಅವರು ಮುಚ್ಚಳ ಹಿಡಿದ ಹಾಗೇ ಕೂತರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಗಂಡಸಿನ ದನಿ," ಎಂದೆ. ಆ ಮಾತನ್ನು ನಾನು ಆರಿಸಿ ಹೇಳಿದೆ.

ಆ ವಾರವೇ ಶೋಭಾಗೆ ಜ್ವರ ಬಂತು. ಬರೀ ಶೀತದ ಜ್ವರ, ಮೂಗು ಸೋರುತ್ತಿತ್ತು. ಅತ್ತೆಗೆ ಅಷ್ಟು ಸಾಕಾಯಿತು. ಗಾಳಿ ಬಿಡಿಸಲು ತಡೆ ಒಡೆಸಿದರು, ತಾಯಿತ ಕಟ್ಟಿಸಿದರು. ಗಾಳಿ ಸೋಕಿದವಳು ಮದುವಣಗಿತ್ತಿಯ ಮುಂದೆ ಪದ ಎತ್ತುವಂತಿಲ್ಲ — ಬೀದಿಯವರು ಹಾಗೆಂದು ಹೇಳಲಿಲ್ಲ, ಕರೆಯಲು ಬರಲಿಲ್ಲ ಅಷ್ಟೆ. ಭೀಮನಬೀಡಿನಲ್ಲಿ ಅವಳ ಸ್ವಂತ ತಂಗಿಯ ಅರಿಶಿನದ ದಿನ, ಹೆತ್ತ ತಾಯಿಯೇ ಅವಳನ್ನು ಒಳಕೋಣೆಯಲ್ಲಿ ವೀಳ್ಯದೆಲೆ ಒರೆಸಲು ಕೂರಿಸಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದರು. ನಾನು ನಡುಮನೆಯಲ್ಲಿದ್ದೆ. ನೋಡಿದೆ.

ಮುಂದೆ ಅವಳಿಗೆ ಮಗ ಹುಟ್ಟಿದಾಗ ಜೋಗುಳವನ್ನೂ ಹಾಡಲಿಲ್ಲ, ಬರೀ ತಟ್ಟುತ್ತಿದ್ದಳು. ಮಗುವನ್ನು ನಾನು ಎತ್ತಿಕೊಂಡು ಹಾಡುತ್ತಿದ್ದೆ. "ನಿಮ್ ದನಿಗೇ ಮನಗ್ತದೆ ಕಣಕ್ಕ," ಎಂದು ಅವಳು ಕೃತಜ್ಞತೆಯಿಂದ ಹೇಳಿದಳು. ನನಗೆ ಸಂತೋಷವಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ — ಸಂತೋಷವೇ ಆಯಿತು.

ಅತ್ತೆ ಅದನ್ನು ನಂಬಿಕೊಂಡೇ ತೀರಿಹೋದರು. ಮುಂದಿನ ತಿಂಗಳು ಮಗಳ ಮದುವೆ. ಸೋಬಾನೆಯನ್ನು ಫೋನಿನಿಂದ ಸ್ಪೀಕರಿಗೆ ಹಾಕಿದರಾಯಿತು ಬಿಡಮ್ಮ, ಎಂದಳು ಮಗಳು. ಮರುದಿನವೇ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಮೈದುನನ ಸಂಸಾರ ಈಗ ಅಲ್ಲಿದೆ.

ಶೋಭಾ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದ ಮೇಲೆ ಕೇಳಿದಳು:

"ಅಂಗಾರೆ ನಂಗ್ ಕೇಳುಸ್ತಿತ್ತಲ್ಲಕ್ಕ? ಆವತ್ನಿಂದ ಬಾಯ್ ತೆಗುದ್ರೆ ಸಾಕು, ಇಂದ್ಗಡೆ ಒಬ್ಬ ನಿಂತ್ಕಂಡು ಜೊತೆಗೆ ಪದ ಎಳೀತಿದ್ದ. ಅದ್ಯಾರು?"

ಮಗಳ ಅರಿಶಿನದ ದಿನ ಎಲ್ಲ ಹೆಂಗಸರ ಎದುರು ನಿಜ ಹೇಳುತ್ತೇನೆ ಎಂದೆ.

"ಏಳಿ. ಏಳ್ಬುಟ್ಟು, ಈಗ ಪದ ಎತ್ತು ಅಂತ ನನ್ ಮಕ ಮಾತ್ರ ನೋಡ್ಬೇಡಿ."

ಇದನ್ನೂ ಒಪ್ಪಿಕೊಳ್ಳಬೇಕು: ನಾನು ಬಸ್ಸು ಹತ್ತಿದ್ದು ಆ ಆಸೆಯಿಂದಲೇ. ನಿಜ ಹೇಳಿದರೆ ಅವಳು ಹಾಡಿಯಾಳು, ನನ್ನ ಮಗಳ ಮದುವೆ ಕಳೆಗಟ್ಟೀತು ಎಂದು. ತಪ್ಪೊಪ್ಪಿಗೆಯ ಜೊತೆಗೂ ಅವಳ ದನಿಯನ್ನೇ ಬೇಡಲು ಹೋಗಿದ್ದೆ. ಅದನ್ನು ನನಗಿಂತ ಮೊದಲು ಅವಳು ಕಂಡುಕೊಂಡಳು.

ಬೀಗರ ಎದುರು, ಮಗಳ ಎದುರು ಹೇಳುತ್ತೇನೆ. ಹೇಳುವಾಗ ನೆಲ ನೋಡುತ್ತೇನೆ, ಅವಳ ಮುಖವನ್ನಲ್ಲ.